ನಮೂನಿ ಕಾಕಿ

ಕ್ರೋಶಾ ಕಡ್ಡಿ ಕೈಗೆ ತೆಗೆದುಕೊಂಡು ಐದು ನಿಮಿಷ ಆಗಿರುವುದಿಲ್ಲ, ಹೊರಗೆ ಕಟ್ಟೆಯ ಹತ್ತಿರ ಚಪ್ಪಲಿ ಬಿಟ್ಟ ಸಪ್ಪಳ. "ಏನ್ ಹಾಕ್ಲತ್ತೀ ಯವ್ವಾ?" ಎಂಬ ದನಿ ಮೊದಲು ಒಳಗೆ ಬರುತ್ತದೆ. ಅದರ ಹಿಂದೆ ಸೆರಗು, ಸೆರಗಿನ ಹಿಂದೆ ಕಾಕಿ. ನಮ್ಮ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದರೂ ಆಕೆಗೆ ಗೊತ್ತಾಗುವುದಿಲ್ಲ. ಬಾಗಿಲ ಮುಂದೆ ಎರಡು ಮನೆಯವರು ಬಡಿದಾಡಿದರೂ ಗೊತ್ತಾಗುವುದಿಲ್ಲ. ಹೊಸ ಉಲನ್ ಉಂಡೆಯ ಮೇಲಿನ ಪ್ಲಾಸ್ಟಿಕ್ ಹರಿದ ಚರಚರ ಮಾತ್ರ ನಾಲ್ಕು ಮನೆ ದಾಟಿ ಆಕೆಯ ಕಿವಿಗೆ ಬೀಳುತ್ತದೆ.

ತಾಯಿ-ತಂದೆ ಇಟ್ಟ ಹೆಸರು ರೇಶನ್ ಕಾರ್ಡಿನಲ್ಲಿ ಭದ್ರವಾಗಿದೆ. ಊರು ಕರೆಯುವುದು ನಮೂನಿ ಕಾಕಿ ಅಂತ. ನಮ್ಮ ಕಡೆ ನಮೂನಿ ಎಂಬ ಮಾತಿಗೆ ಎರಡು ಅರ್ಥ. ಹೆಣಿಕೆಗೆ, ಕಸೂತಿಗೆ, ಸೀರೆಯ ಅಂಚಿಗೆ ಇರುವ ಮಾದರಿಯೂ ನಮೂನಿ. ಇಂಥವರು ಊರಿಗೊಬ್ಬರೇ ಇದ್ದರೆ ಸಾಕಪ್ಪಾ ಅನ್ನಿಸುವ ಮನುಷ್ಯರೂ ನಮೂನಿ. ಕಾಕಿಗೆ ಎರಡೂ ಒಪ್ಪುತ್ತವೆ. ಯಾರು ಏನು ಹೆಣೆದರೂ, ಹೊಲಿದರೂ, ಪೋಣಿಸಿದರೂ ಅಲ್ಲಿ ಆಕೆ ಹಾಜರು. ನೋಡಿ ಮೆಚ್ಚುತ್ತಾಳೆ, ಎಣಿಸಿ ಮೆಚ್ಚುತ್ತಾಳೆ, ಮುಟ್ಟಿ ಮೆಚ್ಚುತ್ತಾಳೆ. ಕೊನೆಗೆ "ಈ ನಮೂನಿ ನಂಗ ಬೇಕು, ನಾಳಿಂದ ನಾನೂ ಒಂದು ಹಾಕ್ತೀನಿ" ಅನ್ನುತ್ತಾಳೆ. ಆ ನಾಳೆಗಾಗಿ ಊರು ಕಾಯುತ್ತಾ ಮೂವತ್ತು ವರ್ಷವಾಯಿತು.

ಊರು ಅಂದರೆ ಖಟಕ ಚಿಂಚೋಳಿ, ಭಾಲ್ಕಿ ತಾಲೂಕಿನ ಹೋಬಳಿ. ಬರೇ ಚಿಂಚೋಳಿ ಅಂದರೆ ಹೊರಗಿನವರು ನೆಟ್ಟಗೆ ಕಲಬುರಗಿ ಜಿಲ್ಲೆಯ ತಾಲೂಕು ಊರಿಗೆ ಹೋಗಿ ಇಳಿಯುತ್ತಾರೆ. ನಾನು ತರಿಸಿದ ಒಂದು ಉಲನ್ ಪಾರ್ಸಲ್ಲೂ ಹಾಗೇ ದಾರಿ ತಪ್ಪಿ ಅಲ್ಲಿ ಎಂಟು ದಿನ ಇದ್ದು ಬಂತು. ನಾನು ಸಿಟ್ಟಿಗೆದ್ದರೆ ಕಾಕಿಗೆ ಅಭಿಮಾನ. "ಅಲ್ಲೂ ಯಾರೋ ಬಿಚ್ಚಿ ಬಣ್ಣ ನೋಡ್ಯಾರ. ನೋಡಬೇಕು ಬಿಡು, ಅಂಥಾ ಬಣ್ಣ ಅವ." ಜಗತ್ತಿನಲ್ಲಿ ಎಲ್ಲಿ ಏನೇ ತಡವಾದರೂ ಅಲ್ಲೊಬ್ಬರು ಕೂತು ಮೆಚ್ಚುತ್ತಿದ್ದಾರೆ ಎಂಬುದು ಕಾಕಿಯ ನಂಬಿಕೆ.

ಇಲ್ಲಿ ಕನ್ನಡ, ಮರಾಠಿ, ದಖ್ಖನಿ ಮೂರೂ ಒಂದೇ ಕಟ್ಟೆಯ ಮೇಲೆ ಕೂಡುತ್ತವೆ. ಕಾಕಿಯ ಮೆಚ್ಚುಗೆಗೂ ಹಾಗೇ ಮಜಲುಗಳಿವೆ. ನೆಂಟರ ಹುಡುಗಿ ಹೊಲಿದ ಸೊಟ್ಟ ಗಿಳಿಗೆ "ಛಲೋ ಅದ", ಅದು ಕನ್ನಡ, ಪಾಸಾಗುವಷ್ಟೇ ಅಂಕ. ಕೆಲಸ ಒಂದು ಕೈ ಮೇಲಿದ್ದರೆ ಮರಾಠಿ, "ಲಯ್ ಭಾರಿ". ಇನ್ನೂ ಮೇಲಿದ್ದರೆ ದಖ್ಖನಿ, "ಕ್ಯಾ ಬಾತ್ ಹೈ". ನಾಲ್ಕನೆಯ ಮಜಲಿಗೆ ಭಾಷೆ ಇಲ್ಲ. ಮೂಗಿನ ಮೇಲೆ ಬೆರಳು ಇಟ್ಟು ಸುಮ್ಮನೆ ಕೂರುತ್ತಾಳೆ. ಮಾತು ನಿಂತ ಕಾಕಿಯನ್ನು ನಾನು ನೋಡಿದ್ದು ಎರಡೇ ಸಲ. ಒಂದು ಸಲ ಹಲ್ಲು ಕೀಳಿಸಿಕೊಂಡು ಬಂದಿದ್ದಳು, ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ.

ಆಕೆ ನೋಡುವ ರೀತಿಯೇ ಬೇರೆ. ಕೈಗೆ ಏನೇ ಕೊಡಿ, ಮುಂದಿನ ಭಾಗ ನೋಡುವುದೇ ಇಲ್ಲ. ತಟ್ಟನೆ ತಿರುವಿ ಬೆನ್ನು ನೋಡುತ್ತಾಳೆ. ಯಾಕೆ ಕಾಕಿ ಅಂದರೆ, "ಮಾರಿ ಎಲ್ಲಾರೂ ತೊಳಕೊಂಡೇ ಬರ್ತಾರ ಯವ್ವಾ. ಬೆನ್ನು ನೋಡಬೇಕು." ಗಂಟು ಎಲ್ಲಿ ಬಿದ್ದಿದೆ, ದಾರ ಎಲ್ಲಿ ಸೇರಿಸಿದೆ, ಕೊನೆಯ ತುದಿಯನ್ನು ಎಷ್ಟು ಹೊಲಿಗೆಯ ಒಳಗೆ ಮರೆಸಿದೆ, ಎಲ್ಲವೂ ಆ ಕಣ್ಣಿಗೆ ಬೀಳಬೇಕು. ಸ್ವೆಟರಿನ ಅಂಚನ್ನು ಎರಡು ಬೆರಳಲ್ಲಿ ಎಳೆದು ಬಿಟ್ಟು, "ಎರಡು ಸೀದಾ, ಎರಡು ಉಲ್ಟಾ. ಅದ್ಕೇ ನೋಡು ರಬ್ಬರಿನಂಗ ಹಿಡೀತದ" ಅನ್ನುತ್ತಾಳೆ. ಮಾತು ನೂರಕ್ಕೆ ನೂರು ಖರೆ. ಮಣಿಕಟ್ಟಿಗೆ, ಸೊಂಟದ ಪಟ್ಟಿಗೆ ಆ ಹೆಣಿಕೆಯನ್ನೇ ಹಾಕುವುದು ಅದು ಹಿಗ್ಗಿ ಮತ್ತೆ ಕುಗ್ಗುತ್ತದೆ ಅಂತಲೇ. ಹೇಳುವವಳು ಮಾತ್ರ ಜೀವಮಾನದಲ್ಲಿ ಒಂದು ಸ್ವೆಟರ್ ಹೆಣೆದು ಮುಗಿಸಿದವಳಲ್ಲ.

ಈ ಬೆನ್ನು ನೋಡುವ ಚಟಕ್ಕೆ ಒಮ್ಮೆ ದೊಡ್ಡ ಪೆಟ್ಟು ಬಿತ್ತು. ನನ್ನ ತಂಗಿ ಧಾರವಾಡದಿಂದ ಕಸೂತಿಯ ಸೀರೆ ತಂದಿದ್ದಳು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು, ಗಂಟು ಬೀಳಬಾರದು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಅದರಲ್ಲಿ ಗವಂತಿ ಹಿಂದೆ-ಮುಂದೆ ಒಂದೇ ರೀತಿ ಕಾಣುತ್ತದೆ. ಕಾಕಿ ಗೋಪುರದ ಸೆರಗು ತಿರುವಿದಳು, ಅದೇ ಗೋಪುರ. ಮತ್ತೆ ತಿರುವಿದಳು, ಮತ್ತೆ ಅದೇ ಗೋಪುರ. ಐದಾರು ಸಲ ತಿರುವಿ ಕೊನೆಗೆ ಯಾವುದು ಮಾರಿ ಯಾವುದು ಬೆನ್ನು ತಿಳಿಯದೆ ಕಂಗಾಲಾಗಿ, "ಇದಕ್ಕ ಬೆನ್ನೇ ಇಲ್ಲಲ್ಲಾ!" ಅಂದಳು. ಅಂದು ಚಹಾ ಅರ್ಧ ಬಿಟ್ಟೇ ಎದ್ದುಹೋದಳು.

ನನಗೆ ಬಿದ್ದ ಪೆಟ್ಟು ಇನ್ನೊಂದು. ಸ್ವೆಟರಿನಲ್ಲಿ ಕಡ್ಡಿಯ ಮೇಲೆ ನೂರಾರು ಕುಣಿಕೆ ಸಾಲಾಗಿ ನಿಂತಿರುತ್ತವೆ, ಒಂದು ತಪ್ಪಿದರೆ ಏಣಿ ಇಳಿದಂತೆ ಕೆಳಗೆ ಇಳಿಯುತ್ತದೆ. ಕ್ರೋಶಾದಲ್ಲಿ ಜೀವ ಇರುವುದು ಒಂದೇ ಕುಣಿಕೆಗೆ. ಕಡ್ಡಿ ತೆಗೆದು ದಾರ ಎಳೆದರೆ ಮುಗಿಯಿತು, ಅಜ್ಜಿಕಥೆಯ ಹಾಗೆ ಸರಾಗ ಬಿಚ್ಚಿಕೊಂಡು ಹೋಗುತ್ತದೆ. ನಾನು ಒಳಗೆ ಚಹಾ ಸೋಸುತ್ತಿದ್ದೆ. ಕಾಕಿ "ಇದು ಎಲ್ಲಿಂದ ಸುರು ಆಗ್ಯದ ನೋಡಮು" ಅಂತ ತುದಿ ಹಿಡಿದು ಎಳೆದಿದ್ದಾಳೆ. ನಾನು ಕಪ್ಪು ಹಿಡಿದು ಹೊರಗೆ ಬರುವಷ್ಟರಲ್ಲಿ ಮೂರು ಸಂಜೆಯ ಕೆಲಸ ಆಕೆಯ ಮಡಿಲಲ್ಲಿ ಸೇವಿಗೆಯಂತೆ ಬಿದ್ದಿತ್ತು. ಅಳು ಬಂತು. ಆಕೆಯ ಕಣ್ಣಲ್ಲಿ ಮಾತ್ರ ಹೊಳಪು. "ಏನ್ ಛಂದ ಬಿಚ್ಚಿತು ನೋಡು ಯವ್ವಾ! ಎಲ್ಲೂ ತೊಡಕಿಲ್ಲ, ಒಂದು ಗಂಟಿಲ್ಲ. ಇಂಥಾ ಕೈ ಭಾಲ್ಕಿ ತಾಲೂಕಿನ್ಯಾಗ ಇನ್ನೊಂದು ಇಲ್ಲ." ಹಾಳು ಮಾಡಿದವರ ಬಾಯಿಂದಲೇ ಇಷ್ಟು ದೊಡ್ಡ ಸರ್ಟಿಫಿಕೇಟು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕಾಕಿಯ ಮನೆಯಲ್ಲಿ ತಗಡಿನ ಒಂದು ಟ್ರಂಕಿದೆ. ಊರಿನ ಮೂವತ್ತು ವರ್ಷದ ಹೆಣಿಕೆಯ ಇತಿಹಾಸ ಅದರೊಳಗಿದೆ, ಎಲ್ಲವೂ ಅರ್ಧಂಬರ್ಧ. ಒಂದು ಮೂಲೆ ಮಾತ್ರ ಹಾಕಿದ ಕುಂಚಿಗೆ. ಒಂದೇ ಕಾಲಿನ ಕಾಲುಚೀಲ. ಎರಡು ಮಾವಿನೆಲೆಗೇ ನಿಂತ ಮಣಿಯ ತೋರಣ. ಹಿರಿಮಗ ಹುಟ್ಟುವ ಮೊದಲು ಸುರು ಮಾಡಿದ ಕುಲಾಯಿ. ಆ ಮಗ ಈಗ ಹೈದರಾಬಾದಿನಲ್ಲಿ ನೌಕರಿ ಮಾಡುತ್ತಾನೆ, ನೆತ್ತಿಯ ಕೂದಲು ಹೋಗಿವೆ. ಕಾಕಿ ಧೈರ್ಯ ಬಿಟ್ಟಿಲ್ಲ. "ಈಗ ಮುಗಸಿದ್ರ ಆಗಿನಕಿಂತ ಜಾಸ್ತಿ ಉಪಯೋಗ ಆಗ್ತದ" ಅನ್ನುತ್ತಾಳೆ. ಎಲ್ಲಕ್ಕೂ ಮೇಲೆ ಮಡಚಿಟ್ಟದ್ದು ಕಾಕಾನ ಸ್ವೆಟರು, ಅಂದರೆ ಅದರ ಬಲತೋಳು. ಬೀದರ ಜಿಲ್ಲೆಯ ಚಳಿ ಸಣ್ಣದಲ್ಲ. ಡಿಸೆಂಬರ್ ಬಂತೆಂದರೆ ರಾಜ್ಯದಲ್ಲಿ ಎಲ್ಲಿ ಅತಿ ಹೆಚ್ಚು ಚಳಿ ಎಂದು ಪತ್ರಿಕೆ ಹಾಕುವ ಸುದ್ದಿಯಲ್ಲಿ ನಮ್ಮ ಹೆಸರು ಬರುವುದು ರೂಢಿ. ಎಳ್ಳಮಾಸಿಯ ದಿನ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುವಾಗ ಸಂತೆಯ ಸ್ವೆಟರ್ ಹಾಕಿಕೊಂಡು ಕೂತ ಕಾಕಾನನ್ನು ಯಾರೋ ಕೇಳಿದರು, ಮನೆಯಾಕೆ ಹಾಕಿದ ಸ್ವೆಟರ್ ಏನಾಯಿತು ಅಂತ. ಕಾಕಾ ತಣ್ಣಗೆ ಹೇಳಿದ: "ಬಲಗೈಗಿ ಚಿಂತಿ ಇಲ್ಲ."

ಊರಿನ ಕೈಗಳು ಸುಮ್ಮನಿರುವ ಕೈಗಳಲ್ಲ, ಹಾಗಾಗಿ ಕಾಕಿಗೂ ಬಿಡುವಿಲ್ಲ. ಓಣಿಯ ಕೊನೆಯ ಮನೆಯ ಸೊಸೆ ಪ್ಲಾಸ್ಟಿಕ್ ವೈರಿನ ಚೀಲ ಹೆಣೆಯುತ್ತಾಳೆ. ಎಲ್ಲರೂ ಒಂದೇ ಖಾನೆಯ ಚೀಲ ಹಾಕಿದರೆ ಈಕೆ ನಡುವೆ ಗೋಡೆ ಎತ್ತಿ ಎರಡು ಖಾನೆ ಮಾಡಿದಳು, ಒಂದರಲ್ಲಿ ರೊಟ್ಟಿ, ಒಂದರಲ್ಲಿ ಪುಂಡಿಪಲ್ಯ. ಪಲ್ಯದ ಎಣ್ಣೆ ರೊಟ್ಟಿಗೆ ತಾಗುವುದಿಲ್ಲ. ಕಾಕಿ ಅದನ್ನು ಬೋರಲು ಹಾಕಿ ತಳ ನೋಡಿದಳು. ಒಳಗೆ ರೊಟ್ಟಿ-ಪಲ್ಯ ಇತ್ತು.

ಇನ್ನೊಬ್ಬ ಹುಡುಗ, ಕಾಲೇಜು ಓದಿದವನು, ಕಾರಹುಣ್ಣಿಮೆಗೆ ತಮ್ಮ ಎತ್ತುಗಳ ಕೋಡಿಗೆ ಉಲನ್ನಿನ ಟೊಪ್ಪಿಗೆ ಹಾಕಿದ. ಕೋಡು ಬುಡಕ್ಕೆ ದಪ್ಪ, ತುದಿಗೆ ಚೂಪು, ನಡುವೆ ಬಾಗು. ಪ್ರತಿ ಸುತ್ತಿನಲ್ಲೂ ಒಂದೊಂದೇ ಕುಣಿಕೆ ಕಮ್ಮಿ ಮಾಡುತ್ತಾ ಅಳತೆಗೆ ತರಬೇಕು. ತುದಿಗೆ ಕೆಂಪು ಗೊಂಡೆ. ನೋಡಲು ಊರೆಲ್ಲ ಕೂಡಿತ್ತು. ಕಾಕಿ ಗುಂಪು ಸೀಳಿ ಮುಂದೆ ಬಂದು, ಅಭ್ಯಾಸದಂತೆ, ಒಳಗಿನ ಹೊಲಿಗೆ ನೋಡಲು ಟೊಪ್ಪಿಗೆಗೆ ಕೈ ಹಾಕಿದಳು. ಎತ್ತು ತಲೆ ಒಂದು ಸಲ ಝಾಡಿಸಿತು. ಖಟಕ ಚಿಂಚೋಳಿಯಲ್ಲಿ ಕಾಕಿಯ ಮೆಚ್ಚುಗೆಗೆ ಸೋಲದ ಜೀವ ಅದೊಂದೇ.

ಕೌದಿ ಅಜ್ಜಿಯ ಮನೆಯಲ್ಲಂತೂ ಕಾಕಿಗೆ ಕಾಯಂ ಜಾಗ. ಅಜ್ಜಿ ಹಳೆಯ ಸೀರೆ, ಧೋತರಗಳನ್ನು ಪದರ ಪದರ ಹಾಸಿ, ಅಂಚಿನಿಂದ ಸುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾಳೆ. ಕಾಕಿ ಪಕ್ಕದಲ್ಲಿ ಕೂತು ಓದುತ್ತಾಳೆ: "ಇದು ದೊಡ್ಡಾಕಿ ಮದಿವಿ ಸೀರಿ. ಇದು ಯಜಮಾನ್ರ ಧೋತರ. ಇದೇನು?" ಅದು ಚುನಾವಣೆ ಮುಗಿದ ಮೇಲೆ ಉಳಿದ ಒಂದು ಪಕ್ಷದ ಬ್ಯಾನರಿನ ಅರಿವೆ. ಅದರ ಕೆಳಗೆ ಇನ್ನೊಂದು ಪಕ್ಷದ್ದು. ಒಳಪದರಕ್ಕೆ ಗಟ್ಟಿ ಬಟ್ಟೆ ಬೇಕಿತ್ತು, ಅಜ್ಜಿ ಭೇದ ಮಾಡಲಿಲ್ಲ. "ಹೊರಗ ಬಡದಾಡ್ತಾರ, ನಿನ್ ಕೌದ್ಯಾಗ ಒಂದೇ ಹೊಲಿಗಿಗಿ ಕುಂತಾರಲ್ಲಾ! ಕ್ಯಾ ಬಾತ್ ಹೈ!" ಎಂದು ಕಾಕಿ ಮೂರನೆಯ ಮಜಲಿಗೆ ಹತ್ತಿದಳು. ಉತ್ತರ ಕನ್ನಡದ ಸಿದ್ದಿ ಹೆಂಗಸರು ತಮ್ಮ ಕೌದಿಯ ನಾಲ್ಕೂ ಮೂಲೆಗೆ ಬಟ್ಟೆಯ ಮುಕ್ಕೋನೆ ಹೂ ಕೂಡಿಸುತ್ತಾರೆ, ಅದಿಲ್ಲದೆ ಕೌದಿ ಪೂರ್ತಿ ಆಗುವುದಿಲ್ಲ ಅನ್ನುತ್ತಾರೆ. ಮೊಬೈಲಿನಲ್ಲಿ ಅದನ್ನು ನೋಡಿದ ಕಾಕಿ ನೀನೂ ಹಾಕು ಅಂತ ಗಂಟುಬಿದ್ದಳು. ಅಜ್ಜಿ ದಾರ ಹಲ್ಲಲ್ಲಿ ಕಡಿದು ಹೇಳಿದಳು: "ಅವರ ಕೌದಿಗಿ ಅವರ ಹೂ. ನನ್ ಕೌದಿಗಿ ನಿನ್ ನಾಲಿಗಿ ಸಾಕಾಗ್ಯದ."

ಮೊಬೈಲ್ ಬಂದ ಮೇಲೆ ಕಾಕಿಯ ಸೀಮೆ ಬೆಳೆಯಿತು. ಮುಂಜಾನೆ ಐದೂವರೆಗೆ ನನ್ನ ಫೋನಿಗೆ ಹದಿನಾಲ್ಕು ಫೋಟೊ ಬಂದು ಬೀಳುತ್ತವೆ: ಉಲನ್ನಿನ ಬದನೆಕಾಯಿ, ಉಲನ್ನಿನ ಗೂಬೆ, ಮಿಕ್ಸರಿಗೆ ಲಂಗ, ಗ್ಯಾಸ್ ಸಿಲಿಂಡರಿಗೆ ಸೀರೆ. ತಾನೇ ತೆಗೆದ ಫೋಟೊ ಆದರೆ ಮೂರರಲ್ಲಿ ಒಂದು ಪಾಲು ಆಕೆಯ ಹೆಬ್ಬೆರಳೇ ಇರುತ್ತದೆ. 2016ರಲ್ಲಿ ಚೆನ್ನೈಯಲ್ಲಿ ಹೆಂಗಸರು ಕೂಡಿ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದದ್ದು ಆಕೆಗೆ ಗೊತ್ತಾದ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. "ಅಷ್ಟು ಅಂದ್ರ ಎಷ್ಟು ಆಗ್ತದ ರೀ?" ಅಂತ ಕಾಕಾನನ್ನು ಕೇಳಿದಳು. ಕಾಕಾ ಬೆರಳು ಮಡಚಿ ಲೆಕ್ಕ ಹಾಕಿದ. "ಎರಡು ಎಕರೆ ಮೂವತ್ತು ಗುಂಟಿ. ತೊಗರಿ ಹಾಕಿದ್ರ ವರ್ಷದ ಬ್ಯಾಳಿ ಆಗ್ತಿತ್ತು." ಕಾಕಾನ ಪಾಲಿಗೆ ಬಂದ ಹೊಲವೂ ಅಷ್ಟಿಲ್ಲ.

ಔರಾದ ಕಡೆಯ ತಾಂಡಾದಿಂದ ಲಂಬಾಣಿ ಬಾಯಿಯೊಬ್ಬಳು ನೆಂಟರ ಮನೆಗೆ ಬಂದಾಗಲೂ ಹೀಗೇ. ಕನ್ನಡಿ, ಕವಡೆ ಹೊಲಿದ ಕಾಂಚಳಿ ಕಂಡದ್ದೇ ತಡ, ಕಾಕಿ ಆಕೆಯನ್ನು ಒಂದು ಸುತ್ತು ಹಾಕಿದಳು. "2023ರಾಗ ಹಂಪ್ಯಾಗ ನಿಮ್ಮವ್ರು 1,755 ಸಾಮಾನು ಇಟ್ಟು ಗಿನ್ನೆಸ್ ಹೊಡದಾರ, ನಿನಗ ಗೊತ್ತದ ಏನು?" ಜಿ-20 ಸಭೆಗಾಗಿ ಸಂಡೂರಿನ ಲಂಬಾಣಿ ಹೆಂಗಸರು ಮಾಡಿದ ದಾಖಲೆ ಅದು. ಆ ಬಾಯಿಗೆ ಗೊತ್ತಿರಲಿಲ್ಲ. ಆಕೆಗೆ ಗೊತ್ತಿದ್ದದ್ದು ಒಂದೇ, ಬೆನ್ನ ಮೇಲಿನ ಲಾಡಿಯನ್ನು ಯಾರೋ ಹಿಂದಿನಿಂದ ಬಿಚ್ಚಿ ಹೊಲಿಗೆ ನೋಡುತ್ತಿದ್ದಾರೆ ಅಂತ. ಕಾಂಚಳಿಗೆ ಬೆನ್ನಿಗೆ ಲಾಡಿ ಬಿಟ್ಟರೆ ಬೇರೆ ಏನೂ ಇರುವುದಿಲ್ಲ. ಮುಂದಿನದನ್ನು ಬರೆಯುವುದು ಬೇಡ.

ಆದರೆ ಕಾಕಿಯ ಜೀವನದ ದೊಡ್ಡ ದಿನ ಅಂದರೆ ಬೀದರಿಗೆ ಹೋದ ದಿನ. ಮದುವೆಯ ಜವಳಿಗೆ ಅಂತ ಹೊರಟವರು ನಾವು; ಚೌಬಾರಾ ದಾಟಿ ಹೋಗುವಾಗ ಗಲ್ಲಿಯಲ್ಲಿ ಠಕಠಕ ಸುತ್ತಿಗೆಯ ಸಪ್ಪಳ ಕೇಳಿತು. ಜವಳಿ ಅಲ್ಲಿಗೇ ನಿಂತಿತು. ಬಿದ್ರಿ ಕೆಲಸ ನಡೆದಿತ್ತು. ಸತು ಜಾಸ್ತಿ, ತಾಮ್ರ ಸ್ವಲ್ಪ, ಹದಿನಾರಕ್ಕೆ ಒಂದರ ಹಾಗೆ ಕೂಡಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಬಳಿದು ತಾತ್ಪೂರ್ತಿಕ ಕಪ್ಪು ಮಾಡುತ್ತಾರೆ. ಮೇಲೆ ಉಳಿಯಿಂದ ಹೂಬಳ್ಳಿ ಕೊರೆದು, ಆ ಕೊರೆತದಲ್ಲಿ ಬೆಳ್ಳಿಯ ತಂತಿ ಕೂಡಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಹಳೆಯ ಕಟ್ಟಡಗಳ ಮಣ್ಣು. ಅದನ್ನು ಕುದಿಸಿ ಹಚ್ಚಿದರೆ ಪಾತ್ರೆ ಕಾಡಿಗೆಗಪ್ಪು, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಜಿ.ಐ. ಮಾನ್ಯತೆ ಸಿಕ್ಕಿತು, 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಕಾಕಿ ಅಲ್ಲಿದ್ದ ಒಂದು ಹೂಜಿ ತಿರುವಿ ತಳ ನೋಡಿದಳು. ತಳದಲ್ಲೂ ಕೆಲಸ ಚೊಕ್ಕ. ಮೂಗಿನ ಮೇಲೆ ಬೆರಳು! ನಾನು ಕಂಡ ಎರಡನೆಯ ಸಲ ಇದೇ. ಅಂಗಡಿಯ ಚಾಚಾ ಮುಚ್ಚಳ ತೆಗೆದು ಮಣ್ಣು ತೋರಿಸಿ, ಒಳ್ಳೆಯ ಮಣ್ಣು ಹೌದೋ ಅಲ್ಲವೋ ಅಂತ ಕುಶಲಿಗರು ನಾಲಿಗೆಗೆ ಹಚ್ಚಿ ನೋಡುತ್ತಾರೆ ಎಂದು ಹೇಳಿದರು. ಅಷ್ಟು ಹೇಳಿದ್ದೇ ತಪ್ಪಾಯಿತು. ಕಾಕಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಸಾರಿನ ರುಚಿ ನೋಡಿದಂತೆ ಚಪ್ಪರಿಸಿ, "ಉಪ್ಪು ಜರಾ ಕಮ್ಮಿ ಅದ ನೋಡ್ರಿ" ಅಂದಳು. ಚಾಚಾ ನಕ್ಕರು. "ಸಹೀ ಬೋಲೆ ಅಮ್ಮಾ, ಇಸೀಕೆ ವಾಸ್ತೆ ನವಸಾಗರ ಡಾಲ್ತೇ." ಮಣ್ಣಿನ ಜೊತೆ ನವಸಾಗರ ಎಂಬ ಉಪ್ಪು ಕೂಡಿದರೇನೇ ಆ ಕಪ್ಪು ಹಿಡಿಯುವುದು. ಮೆಚ್ಚಿ ಮೆಚ್ಚಿ ನಾಲಿಗೆ ಇಷ್ಟು ಚೂಪಾಗುತ್ತದೆ ಅಂತ ನನಗೆ ಅಂದು ತಿಳಿಯಿತು. ಊರಿಗೆ ಬಂದು ನೋಡಿದರೆ ಸೆರಗಿನ ಗಂಟಿನಲ್ಲಿ ಒಂದು ಮುಷ್ಟಿ ಮಣ್ಣು. ಮರುದಿನ ಕಾಕಾನ ಸ್ಟೀಲ್ ತಂಬಿಗೆಗೆ ಹಚ್ಚಿದಳು. ಆ ಮಣ್ಣಿನ ಆಟ ಸತುವಿನ ಮುಂದೆ ನಡೆಯುತ್ತದೆ, ಸ್ಟೀಲಿನ ಮುಂದೆ ನಡೆಯುವುದಿಲ್ಲ; ತಂಬಿಗೆ ಕಪ್ಪಾಗಲಿಲ್ಲ, ಕೆಸರಾಯಿತು. ಕಾಕಾ ಅದರಲ್ಲೇ ನೀರು ಕುಡಿದು, "ಈಗ ಉಪ್ಪು ಬರೋಬರಿ ಅದ" ಅಂದ.

ನಾನು ಒಮ್ಮೊಮ್ಮೆ ಯೋಚಿಸುತ್ತೇನೆ. ಬಸವಕಲ್ಯಾಣ ಇರುವ ಜಿಲ್ಲೆ ನಮ್ಮದು. ಮೇದಾರ ಕೇತಯ್ಯ ಬುಟ್ಟಿ ಹೆಣೆದ, ಜೇಡರ ದಾಸಿಮಯ್ಯ ಬಟ್ಟೆ ನೇಯ್ದ, ಸೂಜಿಕಾಯಕದ ರಾಮಿತಂದೆ ಹೊಲಿದ, ಕದಿರ ರೆಮ್ಮವ್ವೆ ನೂಲು ತೆಗೆದಳು. ದುಡಿಯುವ ಕೈಗೆಲ್ಲ ಶರಣರಲ್ಲಿ ಹೆಸರಿದೆ. ಪಕ್ಕದಲ್ಲಿ ಕೂತು, ನೂಲು ಬೆಳಕಿಗೆ ಹಿಡಿದು, "ಏನ್ ಸಣ್ಣ ತೆಗದೀ ರೆಮ್ಮವ್ವಾ!" ಅಂದವರ ಹೆಸರು ಮಾತ್ರ ಎಲ್ಲೂ ಕಾಣೆ. ಅಂದೂ ಒಬ್ಬಳು ಇದ್ದೇ ಇದ್ದಿರಬೇಕು. ಆಕೆಯ ಕಾಯಕ ಯಾವುದು ಅಂತ ಬರೆಯಲು ಗೊತ್ತಾಗದೆ ಬಿಟ್ಟಿರಬೇಕು.

ಆ ಕಾಯಕ ಏನೆಂದು ನನಗೆ ತಿಳಿದದ್ದು ಹೋದ ಚಳಿಗಾಲದಲ್ಲಿ. ಭಾಲ್ಕಿಯಲ್ಲಿ ಹೆಣ್ಣುಮಕ್ಕಳ ಸಂಘದವರು ಮಾರಾಟಕ್ಕೆ ಮೇಜು ಹಾಕಿದ್ದರು. ನಾನೂ ನನ್ನ ಕ್ರೋಶಾ ಟೇಬಲ್ ಬಟ್ಟೆ ಇಟ್ಟೆ. ಮೂವತ್ತಾರು ಚೌಕ, ಪ್ರತಿ ಚೌಕ ಬೇರೆ ಬೇರೆ ಹಾಕಿ ಕೂಡಿಸಿದ್ದು. ಚೀಟಿಯಲ್ಲಿ 500 ರೂಪಾಯಿ ಬರೆದೆ, 300ಕ್ಕೆ ಹೋದರೂ ಸಾಕು ಅಂತ ಮನಸ್ಸಿನಲ್ಲಿ. ತಂಪು ಕನ್ನಡಕದ ಒಬ್ಬ ಸಾಹೇಬರು ಬಂದರು. ಬಟ್ಟೆ ನೋಡಿ ನೂರೈವತ್ತಕ್ಕೆ ಕೇಳಿದರು. "ಇಂಥದು ಮಷೀನಿಂದ ಬೇಕಾದಷ್ಟು ಸಿಗುತ್ತೆ." ನಾನು ಬಾಯಿ ತೆರೆಯುವ ಮೊದಲೇ ಮೇಜಿನ ಪಕ್ಕದಿಂದ ಕಾಕಿ ಎದ್ದಳು.

"ತಮ್ಮಾ, ಸ್ವೆಟರ್ ಮಷೀನಿನ್ಯಾಗ ಬರ್ತದ. ಕ್ರೋಶಾ ಬರಂಗಿಲ್ಲ." ನಾನು ಆಮೇಲೆ ಕೇಳಿ ಓದಿ ತಿಳಿದುಕೊಂಡೆ, ಮಾತು ಸುಳ್ಳಲ್ಲ. ಕಾಲುಚೀಲ ಹೆಣೆಯುವ ಯಂತ್ರವನ್ನು ವಿಲಿಯಂ ಲೀ ಎಂಬಾತ ಇಂಗ್ಲೆಂಡಿನಲ್ಲಿ 1589ರಲ್ಲೇ ಮಾಡಿದ. ಕ್ರೋಶಾದ ಹಾಗೆ ಕಾಣುವ ಜಾಳಿ ಬಟ್ಟೆ ಕಾರ್ಖಾನೆಯಿಂದ ಬರುತ್ತದೆ, ನಿಜವಾದ ಕ್ರೋಶಾ ಮಾತ್ರ ಇವತ್ತಿಗೂ ಕೈಯಿಂದಲೇ ಆಗಬೇಕು. ಸಾಹೇಬರು ಕನ್ನಡಕ ತೆಗೆದರು. ಕಾಕಿ ಬಟ್ಟೆ ತಿರುವಿ ಬೆನ್ನು ಹಾಸಿದಳು. "ಮೂವತ್ತಾರು ಚೌಕ ಅವ. ಎಲ್ಲಿ ಕೂಡಸ್ಯಾಳ, ದಾರ ಎಲ್ಲಿ ಮುಗದದ, ಒಂದು ತೋರಸ್ರಿ. ತೋರಸಿದ್ರ ಪುಕ್ಕಟಿ ಒಯ್ರಿ." ಸಾಹೇಬರು ಬಗ್ಗಿ ಹುಡುಕಿದರು. ಅವರ ಮನೆಯಾಕೆಯೂ ಬಗ್ಗಿ ಹುಡುಕಿದರು. ಸಿಗಲಿಲ್ಲ. ಅವರ ಮುಖದಲ್ಲಿ ಮೊದಲ ಸಲ ಗೌರವ ಕಂಡಿತು. "ಆಯ್ತಮ್ಮ, ಐನೂರೇ ತಗೊಳ್ಳಿ" ಅಂದು ಕಿಸೆಗೆ ಕೈ ಹಾಕಿದರು.

ಅಲ್ಲಿಗೆ ನಿಲ್ಲಬೇಕಿತ್ತು. ಕಾಕಿಗೆ ಮೆಚ್ಚುಗೆ ಸುರು ಮಾಡಲು ಬರುತ್ತದೆ, ನಿಲ್ಲಿಸಲು ಬರುವುದಿಲ್ಲ. "ಐನೂರಾ? ಒಂದು ಚೌಕಕ್ಕ ಎರಡು ತಾಸು. ದಿನಕ್ಕ ನಾಕು ಚೌಕ ಅಂದ್ರ ಒಂಬತ್ತು ದಿನದ ಕೂಲಿ. ಖಾತ್ರಿ ಕೆಲಸದಾಗ ತಗ್ಗು ತೋಡಿದ್ರ ದಿನಕ್ಕ ಎಷ್ಟು ಕೊಡ್ತಾರ?" 2025-26ರಲ್ಲಿ ಉದ್ಯೋಗ ಖಾತ್ರಿಯಲ್ಲಿ ನಮ್ಮ ರಾಜ್ಯದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. "ಒಂಬತ್ತು ಸಲ 370 ಅಂದ್ರ ಮೂರು ಸಾವಿರದ ಮುನ್ನೂರಾ ಮೂವತ್ತು. ದಾರದ ರೊಕ್ಕ ಬ್ಯಾರೆ. ತಗ್ಗು ತೋಡೋದ್ರಕಿಂತ ಇದು ಹಗೂರ ಕೆಲಸ ಏನು?" ಎಲ್ಲರೂ ಹೌದು ಹೌದು ಅಂದರು. ಸಾಹೇಬರೂ ಹೌದು ಅಂದರು. ಹೌದು ಅನ್ನುತ್ತಲೇ ಕಿಸೆಯಿಂದ ಬರಿಗೈ ತೆಗೆದು, ಕನ್ನಡಕ ಹಾಕಿಕೊಂಡು, ನಮಸ್ಕಾರ ಮಾಡಿ ಹೋದರು.

ನಾನು ಮಾತಾಡಲಿಲ್ಲ. ಕಾಕಿ ಬಟ್ಟೆಯನ್ನು ಮಗುವಿನ ಹಾಗೆ ಮಡಚಿದಳು. "ಹೋಗ್ಲಿ ಬಿಡು ಯವ್ವಾ, ಅವ್ರಿಗಿ ಬೆಲಿ ತಿಳಿವಲ್ದು." ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದಳು: "ಮತ್ತ ನಂಗ ಎಷ್ಟಕ್ಕ ಕೊಡ್ತಿ?"

"ಮೂರು ಸಾವಿರದ ಮುನ್ನೂರಾ ಮೂವತ್ತು ಕಾಕಿ."

ಕಾಕಿ ನನ್ನ ಮುಖ ನೋಡಿದಳು. ನನ್ನನ್ನೂ ತಿರುವಿ ಬೆನ್ನು ನೋಡುತ್ತಾಳೇನೋ ಅನ್ನಿಸಿತು. "ನೀನೂ ಒಂದು ನಮೂನಿನೇ ಬಿಡು" ಅಂದಳು. ಕೊನೆಗೆ ವ್ಯವಹಾರ 300ಕ್ಕೆ ಮುಗಿಯಿತು. 100 ಅಲ್ಲೇ ಕುಪ್ಪಸದ ಥೈಲಿಯಿಂದ ಬಂತು. ಉಳಿದ 200 ತೊಗರಿ ಮಾರಿದ ಮೇಲೆ.

ತೊಗರಿ ಮಾರಿ ಬಹಳ ದಿನವಾಯಿತು, 200 ಇನ್ನೂ ಬಂದಿಲ್ಲ. ಟೇಬಲ್ ಬಟ್ಟೆ ಕಾಕಿಯ ಟಿವಿಯ ಮೇಲಿದೆ, ಬೆನ್ನು ಮೇಲಾಗಿ. ಮನೆಗೆ ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, ಕೂಡಿಸಿದ ಜಾಗ ಹುಡುಕಿರಿ ಅನ್ನುತ್ತಾಳೆ; ಸೀರಿಯಲ್ ನೋಡಲು ಬಂದವರೂ ಬೆನ್ನು ನೋಡಿಯೇ ಕೂರಬೇಕು. ಹಾಗೆ ಹುಡುಕಿ ಸೋತ ಇಬ್ಬರು ನನ್ನ ಹತ್ತಿರ ಬಂದು ಹೇಳಿ ಹಾಕಿಸಿಕೊಂಡರು, ಕೇಳಿದಷ್ಟು ರೊಕ್ಕ ಕೊಟ್ಟರು. ಕೈಗೆ ಕೊಟ್ಟಾಗ ಇಬ್ಬರೂ ಮೊದಲು ಮಾಡಿದ್ದು ಒಂದೇ, ತಿರುವಿ ಬೆನ್ನು ನೋಡಿದ್ದು.

ನಿಮ್ಮ ಊರಲ್ಲೂ ಇಂಥವಳು ಒಬ್ಬಳು ಇರುತ್ತಾಳೆ, ನಿಮ್ಮ ಓಣಿಯಲ್ಲೇ ಇದ್ದರೂ ಇರಬಹುದು. ಬಂದರೆ ಕೂಡ್ರಿಸಿರಿ, ಚಹಾ ಕೊಡಿರಿ, ಮಾಡಿದ್ದನ್ನೆಲ್ಲ ತೋರಿಸಿರಿ. ದಾರದ ತುದಿ ಮಾತ್ರ ಕೈಗೆ ಕೊಡಬೇಡಿರಿ.